ಪಂಪು ಗಾಳಿ ಹಿಡಿದ ಕಥೆ: ನಮ್ಮ ಸೀಮೆಯ ಬಾವಿ ನೀರಾವರಿ ನಡೆದು ಬಂದ ದಾರಿ



ಬೆಳ್ಳಿಹಬ್ಬದ ಈ ಸಂಚಿಕೆಗೆ ನಮ್ಮ ಭಾಗದ ನೀರಾವರಿಯ ಬಗ್ಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಹಾಲಿನ ಸಂಘದ ಪುಸ್ತಕದಲ್ಲಿ ಪಂಪ್‌ಸೆಟ್ ವಿಚಾರ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಹಸು ಹಾಲು ಕೊಡಬೇಕಾದರೆ ಹಸಿರು ಮೇವು ಬೇಕು, ಮೇವು ಬೆಳೀಬೇಕಾದರೆ ನೀರು ಬೇಕು. ಬೇಸಿಗೇಲಿ ಡೇರಿಗೆ ಬರೋ ಹಾಲು ಕಮ್ಮಿ ಆಗೋದು ಮೇವಿನ ಮಡಿ ಒಣಗಿದ ಮೇಲೆ ಅನ್ನೋದು ನಮ್ಮ ಸದಸ್ಯರಿಗೆ ಹೇಳಿಕೊಡಬೇಕಾದ ಮಾತಲ್ಲ.

ಇನ್ನೊಂದು ಕಾರಣವೂ ಉಂಟು. 2022ರಲ್ಲಿ ನಮ್ಮ ಜಿಲ್ಲೇಲಿ ಭಾರಿ ಮಳೆಯಾಗಿ, ಎಷ್ಟೋ ವರ್ಷದಿಂದ ತುಂಬದಿದ್ದ ಕೆರೆಗಳು ಕೋಡಿ ಬಿದ್ದವು. ಪಾಳು ಬಿದ್ದಿದ್ದ ಕೆಲವು ತೆರೆದ ಬಾವಿಗಳಲ್ಲೂ ನೀರು ಕಾಣಿಸಿಕೊಂಡಿತು. ಆಗ ಕೊಟ್ಟಿಗೆ ಮೂಲೇಲಿದ್ದ ಹಳೇ ಮಾನೋಬ್ಲಾಕ್ ಪಂಪನ್ನು ಈಚೆಗೆ ತೆಗೆದು, ತುಕ್ಕು ಉಜ್ಜಿ, ಜೋಡಿಸಿದವರಿದ್ದಾರೆ. ಮೋಟಾರು ತಿರುಗಿತು, ನೀರು ಮಾತ್ರ ಬರಲಿಲ್ಲ. ಬಂದರೂ ಹತ್ತು ನಿಮಿಷ ಹರಿದು ನಿಂತುಹೋಯಿತು. ಸಬ್‌ಮರ್ಸಿಬಲ್ ಕಾಲದಲ್ಲಿ ಬೆಳೆದ ಹುಡುಗರಿಗೆ ಪ್ರೈಮ್ ಅನ್ನೋ ಮಾತೇ ಹೊಸದು. ನಮ್ಮ ತಂದೆಯವರ ಕಾಲದಲ್ಲಿ "ಪಂಪು ಗಾಳಿ ಹಿಡೀತು" ಅಂದರೆ ಮನೆಯವರಿಗೆಲ್ಲ ಅರ್ಥವಾಗುತ್ತಿತ್ತು. ಆ ವಿದ್ಯೆ ಮರೆತುಹೋಗಬಾರದು. ಅದರ ಜೊತೆಗೆ, ಪಂಪು ಪದೇ ಪದೇ ಗಾಳಿ ಹಿಡಿಯಲು ಶುರುವಾದಾಗ ಬಾವಿ ನಮಗೆ ಏನು ಹೇಳುತ್ತಿತ್ತು ಅನ್ನೋದನ್ನೂ ದಾಖಲಿಸುವುದು ಉಚಿತವೆಂದು ಈ ಲೇಖನ.

ಏತ, ಕಪಿಲೆಯ ಕಾಲ

ನಮ್ಮದು ವರ್ಷವಿಡೀ ಹರಿಯುವ ಹೊಳೆ ಇಲ್ಲದ ಸೀಮೆ. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ನಂದಿಬೆಟ್ಟದ ಸೀಮೇಲೇ ಹುಟ್ಟಿದರೂ ಅವು ಮಳೆಗಾಲದ ಹೊಳೆಗಳು. ಅದಕ್ಕೇ ಹಿರಿಯರು ಕೆರೆ ಕಟ್ಟಿದರು, ಕೆರೆ ಕೆಳಗೆ ಬಾವಿ ತೋಡಿದರು. ಕೆರೆ ತುಂಬಿದರೆ ಬಾವಿಗೆ ಊಟೆ ಬರುತ್ತಿತ್ತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ಕಡೆಯೂ ನೆಲದ ಕೆಳಗೆ ಇರುವುದು ಬೆಣಚು, ಕಗ್ಗಲ್ಲು. ಅದರ ಮೇಲೆ ಶಿಥಿಲವಾದ ಗೊರಜಿನ ಪದರ ಒಂದಿಷ್ಟು ಅಡಿ ಇರುತ್ತದೆ. ಮಳೆ ನೀರು ನಿಲ್ಲುವುದು ಆ ಗೊರಜಿನಲ್ಲಿ. ತೆರೆದ ಬಾವಿ ಅಂದರೆ ಆ ಪದರದ ನೀರನ್ನು ಬಳಸುವ ದಾರಿ. ಅದರ ಕೆಳಗೆ ಬಂಡೆ ಸೀಳಿನಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ನೀರು.

ಎತ್ತುವುದಕ್ಕೆ ಏತ ಮತ್ತು ಕಪಿಲೆ ಇದ್ದವು. 1800ರಲ್ಲಿ ಮೈಸೂರು ಸೀಮೆಯಲ್ಲೆಲ್ಲಾ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಈ ಎರಡನ್ನೂ ನೋಡಿ ಬರೆದಿಟ್ಟಿದ್ದಾನೆ. ಮೇಲ್ಮಟ್ಟದ ನೀರಿಗೆ ಏತ. ಆಳದ ಬಾವಿಗೆ ಕಪಿಲೆ. ಚರ್ಮದ ಬಾನಿ, ಮಿಣಿ ಹಗ್ಗ, ರಾಟೆ, ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆಯುವ ಒಂದು ಜೊತೆ ಎತ್ತು. ಬೆಳಗಿನ ಜಾವಕ್ಕೆ ಶುರುಮಾಡಿದರೆ ಬಿಸಿಲೇರುವ ತನಕ ಹೊಡೆದು, ರಾಗಿ ಪೈರಿನ ಮಡಿಯೋ ತರಕಾರಿ ಮಡಿಯೋ ಒಂದಿಷ್ಟು ತುಂಬೋದು. ಎತ್ತುಗಳು ದಣಿದರೆ ಆವತ್ತಿಗೆ ನೀರು ನಿಂತಿತು. ರಾತ್ರಿಯೆಲ್ಲಾ ಊಟೆ ಬಂದು ಬೆಳಗಾಗೋ ಹೊತ್ತಿಗೆ ಬಾವಿ ಮತ್ತೆ ಮೊದಲಿನ ಮಟ್ಟಕ್ಕೆ. ಬಾವಿಗೂ ವಿಶ್ರಾಂತಿ, ಎತ್ತಿಗೂ ವಿಶ್ರಾಂತಿ. ಕಪಿಲೆ ಕಷ್ಟದ ಕೆಲಸ, ಅದನ್ನು ಈಗ ಹೊಗಳಿ ಪ್ರಯೋಜನವಿಲ್ಲ. ಆದರೆ ಆ ಲೆಕ್ಕದಲ್ಲಿ ಬಾವಿ ಬರಿದಾಗುತ್ತಿದ್ದುದು ದೊಡ್ಡ ಬರದಲ್ಲಿ ಮಾತ್ರ.

ಇಂಜಿನ್ ಬಂತು, ಲೈನು ಬಂತು

ಬ್ಲೇಡು ತಿರುಗಿ ನೀರನ್ನು ಹೊರಕ್ಕೆ ಎಸೆಯುವ ಸೆಂಟ್ರಿಫ್ಯೂಗಲ್ ಪಂಪು ಜಗತ್ತಿಗೆ ಚೆನ್ನಾಗಿ ಪರಿಚಯವಾದದ್ದು 1851ರ ಲಂಡನ್ ಮಹಾ ವಸ್ತುಪ್ರದರ್ಶನದಲ್ಲಿ. ಅಲ್ಲಿ ಆಪೋಲ್ಡ್ ಎಂಬಾತ ಬಾಗಿದ ಬ್ಲೇಡಿನ ಪಂಪು ಇಟ್ಟಿದ್ದ. ದಕ್ಷಿಣ ಭಾರತದ ರೈತರ ಬಾವಿಗೆ ಎಣ್ಣೆ ಇಂಜಿನ್ನೂ ಇಂಥ ಪಂಪೂ ಜೋಡಿಸಬಹುದೆಂದು 1900ರ ನಂತರದ ವರ್ಷಗಳಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಪ್ರಯೋಗ ಮಾಡಿ ತೋರಿಸಿದವರು ಆಲ್‌ಫ್ರೆಡ್ ಚಾಟರ್ಟನ್. ಇವರೇ ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು.

ನಮ್ಮ ದೇಶದಲ್ಲೇ ಪಂಪು ತಯಾರಿಸಿದವರಲ್ಲಿ ಮೊದಲಿಗರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು. ಅವರ ಕಿರ್ಲೋಸ್ಕರವಾಡಿಯ ಕಾರ್ಖಾನೆಯಿಂದ 1926ರಲ್ಲಿ ಸೆಂಟ್ರಿಫ್ಯೂಗಲ್ ಪಂಪು ಹೊರಬಂತು. ಕೊಯಮತ್ತೂರಿನಲ್ಲಿ 1937ರಲ್ಲಿ ಜಿ.ಡಿ. ನಾಯ್ಡು ಅವರ ಕಡೆಯಿಂದ ದೇಶೀ ವಿದ್ಯುತ್ ಮೋಟಾರು ತಯಾರಾಯಿತು. ಮುಂದೆ ಆ ಊರು ಪಂಪಿಗೇ ಹೆಸರಾಯಿತು. ಬೆಂಗಳೂರಿನಲ್ಲಿ 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಶುರುವಾಗಿ ಮೋಟಾರುಗಳು ಹತ್ತಿರದಲ್ಲೇ ಸಿಗುವ ಹಾಗಾಯಿತು.

ಕರೆಂಟಿನ ಕಥೆ ನಮ್ಮ ನಾಡಿಗೆ ಹೆಮ್ಮೆಯದು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ದೀಪವಾಯಿತು. ಆದರೆ ಬೆಂಗಳೂರಿನಿಂದ ಇಪ್ಪತ್ತು ಮೂವತ್ತು ಮೈಲಿ ದೂರದ ಹಳ್ಳಿಗಳ ಹೊಲಕ್ಕೆ ಅದು ಬರಲು ಅರ್ಧ ಶತಮಾನಕ್ಕೂ ಮೇಲೆ ಹಿಡಿಯಿತು. 1957ರಲ್ಲಿ ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಆದ ಮೇಲೆ, 1969ರಲ್ಲಿ ಕೇಂದ್ರದ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದ ಮೇಲೆ ಪಂಪ್‌ಸೆಟ್ ಲೈನುಗಳು ಚುರುಕಾದವು. ಹಣ ಒದಗಿಸಿದ್ದರಲ್ಲಿ ಸಹಕಾರದ ಪಾಲು ದೊಡ್ಡದು. 1929ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಭೂ ಅಡಮಾನ ಬ್ಯಾಂಕಿನ ವ್ಯವಸ್ಥೆಯೇ ಮುಂದೆ ತಾಲ್ಲೂಕು ಮಟ್ಟದ ಪಿ.ಎಲ್.ಡಿ. ಬ್ಯಾಂಕುಗಳಾಗಿ ಬೆಳೆದದ್ದು. ಬಾವಿ ತೋಡಲು, ಆಳ ಮಾಡಲು, ಪಂಪ್‌ಸೆಟ್ ಕೊಳ್ಳಲು ನಮ್ಮ ಹಿರಿಯರು ಪಹಣಿ ಹಿಡಿದು ಹೋಗುತ್ತಿದ್ದುದು ಅಲ್ಲಿಗೇ. ಕಂತು ಕಟ್ಟಲು ಆಗದೆ ಸಂಕಟ ಪಟ್ಟ ಮನೆಗಳೂ ಇವೆ, ಆ ಸಾಲದಿಂದಲೇ ದ್ರಾಕ್ಷಿ, ಹಿಪ್ಪುನೇರಳೆ, ಆಲೂಗಡ್ಡೆ ಬೆಳೆದು ಮೇಲೆ ಬಂದ ಮನೆಗಳೂ ಇವೆ.

ಗಾಳಿ ಹಿಡಿಯೋದು ಅಂದರೆ ಏನು

ಪಂಪು ನೀರನ್ನು "ಎಳೆಯುತ್ತದೆ" ಅಂತ ನಾವು ಮಾತಿಗೆ ಹೇಳುತ್ತೇವೆ. ನಿಜವಾಗಿ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಭಾರ. ಪಂಪಿನ ಒಳಗಿನ ಚಕ್ರ ತನ್ನ ಹೊಟ್ಟೆಯ ನೀರನ್ನು ಹೊರಕ್ಕೆ ಎಸೆದಾಗ ಆ ಜಾಗದಲ್ಲಿ ಒತ್ತಡ ಕಮ್ಮಿಯಾಗುತ್ತದೆ. ಬಾವಿಯ ನೀರಿನ ಮೇಲೆ ಕೂತ ಗಾಳಿ ನೀರನ್ನು ಪೈಪಿನಲ್ಲಿ ಮೇಲಕ್ಕೆ ದಬ್ಬುತ್ತದೆ. ಗಾಳಿಗೆ ಇಂಥ ಭಾರ ಇದೆ ಅಂತ 1640ರ ದಶಕದಲ್ಲಿ ತೋರಿಸಿಕೊಟ್ಟವನು ಇಟಲಿಯ ಟೊರಿಸೆಲ್ಲಿ. ಅವನಿಗಿಂತ ಮುಂಚೆಯೇ ಅಲ್ಲಿನ ಪಂಪು ಮಾಡೋರಿಗೆ ಒಂದು ಮಟ್ಟಕ್ಕಿಂತ ಆಳದ ನೀರು ಏನು ಮಾಡಿದರೂ ಮೇಲೆ ಬರೋದಿಲ್ಲ ಅನ್ನೋದು ಅನುಭವಕ್ಕೆ ಬಂದಿತ್ತು.

ಸಮುದ್ರದ ಮಟ್ಟದಲ್ಲಿ ಈ ಗಾಳಿಯ ಭಾರ ನೀರನ್ನು ಹೆಚ್ಚೆಂದರೆ 34 ಅಡಿ ಎತ್ತಬಲ್ಲದು. ನಮ್ಮ ಸೀಮೆ ಸಮುದ್ರಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿ ತೆಳು. ಲೆಕ್ಕಕ್ಕೆ 30 ಅಡಿ ಮಾತ್ರ. ಪೈಪಿನ ತಿಕ್ಕಾಟ, ಬೆಂಡು, ಫುಟ್‌ವಾಲ್ವಿನ ಅಡ್ಡಿ ಎಲ್ಲಾ ಕಳೆದರೆ ಕೈಗೆ ಸಿಗೋದು 20ರಿಂದ 22 ಅಡಿ. ಮಂಗಳೂರಿನ ಕಡೆ ಸರಿಯಾಗಿ ನಡೆಯುವ ಅದೇ ಪಂಪು, ಅದೇ ಆಳದ ಬಾವಿ, ದೇವನಹಳ್ಳಿಯಲ್ಲಿ ತಕರಾರು ಮಾಡಬಹುದು. ಪಂಪಿನಿಂದ ಮೇಲಕ್ಕೆ ಎಷ್ಟು ಎತ್ತರ ಬೇಕಾದರೂ ಎಸೆಯಲು ಪಂಪು ಮಾಡಬಹುದು. ಪಂಪಿನಿಂದ ಕೆಳಗಿನ ಲೆಕ್ಕ ಮಾತ್ರ ಇಷ್ಟೇ.

ಎರಡನೇ ಮಾತು. ಈ ಚಕ್ರ ನೀರನ್ನು ಎಸೆಯುತ್ತದೆಯೇ ಹೊರತು ಗಾಳಿಯನ್ನಲ್ಲ. ಗಾಳಿ ನೀರಿಗಿಂತ ಸುಮಾರು 800 ಪಾಲು ಹಗುರ. ಪಂಪಿನ ಹೊಟ್ಟೆಯಲ್ಲಿ ಗಾಳಿ ಕೂತರೆ ಚಕ್ರ ಬರೀ ಗಡಿಗೇಲಿ ಕಡಗೋಲು ತಿರುಗಿಸಿದ ಹಾಗೆ ತಿರುಗುತ್ತದೆ. ಅದಕ್ಕೇ ಶುರುಮಾಡುವ ಮೊದಲು ಪೈಪಿಗೂ ಪಂಪಿಗೂ ನೀರು ತುಂಬಬೇಕು. ಇದೇ ಪ್ರೈಮ್ ಮಾಡುವುದು. ತುಂಬಿದ ನೀರು ಬಾವಿಗೆ ಜಾರದಂತೆ ಪೈಪಿನ ತುದೀಲಿ ತಡೆಯುವುದು ಫುಟ್‌ವಾಲ್ವು. ನಮ್ಮ ಹಳ್ಳಿ ಬಾಯಲ್ಲಿ ಅದು ಪುಟ್‌ಬಾಲು.

ಎಲ್ಲಿ ತಪ್ಪಿದೆ ಅಂತ ಹುಡುಕುವ ಕ್ರಮ

ನಮ್ಮ ಹೋಬಳಿಯ ಹಳೇ ಫಿಟ್ಟರುಗಳು ಪಂಪು ಬಿಚ್ಚೋಕೆ ಮುಂಚೆ ಹತ್ತು ನಿಮಿಷ ಸುಮ್ಮನೆ ನೋಡುತ್ತಿದ್ದರು. ಮೊದಲೇ ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ. ಅವರ ಕ್ರಮವನ್ನು ನಾವು ಕಂಡಂತೆ ಇಲ್ಲಿ ಕೊಟ್ಟಿದ್ದೇವೆ. ಯಾವುದಕ್ಕೂ ಮುಟ್ಟುವ ಮುನ್ನ ಮೇನ್ ಸ್ವಿಚ್ ತೆಗೆದು ಫ್ಯೂಸ್ ಕ್ಯಾರಿಯರ್ ಜೇಬಿಗೆ ಹಾಕಿಕೊಳ್ಳುವುದು ಮೊದಲ ಕೆಲಸ. ಆಟೋ ಸ್ಟಾರ್ಟರ್ ಇದ್ದರಂತೂ ಕರೆಂಟು ಬಂದ ತಕ್ಷಣ ತಾನೇ ಚಾಲೂ ಆಗುತ್ತದೆ.

ಒಂದು. ನೀರು ತುಂಬುವಾಗಲೇ ಲೆಕ್ಕ ಇಡಿ. 3 ಅಂಗುಲದ ಎಳೆಪೈಪು 25 ಅಡಿ ಇದ್ದರೆ ಅದು ಹಿಡಿಯುವುದು 35 ಲೀಟರ್ ಹತ್ತಿರ. ಪಂಪಿನ ಹೊಟ್ಟೆಯೂ ಸೇರಿ ಮೂರು ನಾಲ್ಕು ಕೊಡ. ಆರು ಕೊಡ ಹುಯ್ದರೂ ಆಲಿಕೆ ತುಂಬದಿದ್ದರೆ, ಅಥವಾ ತುಂಬಿ ನಿಲ್ಲಿಸಿದ ಮೇಲೆ ನೀರು ತಾನೇ ಇಳಿಯುತ್ತಿದ್ದರೆ, ತಪ್ಪು ಫುಟ್‌ವಾಲ್ವಿನದು. ಎಲೆ, ಕಡ್ಡಿ, ಗೊರಜಿನ ಕಲ್ಲು ಬಾಯಿಗೆ ಸಿಕ್ಕಿರಬಹುದು, ವಾಷರು ಸವೆದಿರಬಹುದು. ಪೈಪನ್ನು ಎರಡು ಸಲ ಜೋರಾಗಿ ಅಲ್ಲಾಡಿಸಿ ನೋಡಬೇಕು. ಕಸ ಇದ್ದರೆ ಬಿಡುತ್ತದೆ. ಸಣ್ಣ ಸೋರಿಕೆಗೆ ಸಗಣಿ ನೀರು ಹುಯ್ಯುವುದು ಹಿರಿಯರ ಉಪಾಯ, ಆ ದಿನದ ಕೆಲಸ ಆಗುತ್ತದೆ. ಅದು ರಿಪೇರಿ ಅಲ್ಲ. ಬಿಡುವಾದಾಗ ಮೇಲೆತ್ತಿ ವಾಷರು ಬದಲಾಯಿಸಲೇಬೇಕು.

ಎರಡು. ನಿಂತಾಗ ನೀರು ನಿಲ್ಲುತ್ತದೆ, ಓಡುವಾಗ ಕೈಕೊಡುತ್ತದೆ ಅಂದರೆ ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ. ಎಳೆಪೈಪಿನಲ್ಲಿ ತೂತಿದ್ದರೆ ಓಡುವಾಗ ನೀರು ಈಚೆಗೆ ಸೋರೋದಿಲ್ಲ, ಗಾಳಿ ಒಳಕ್ಕೆ ಹೋಗುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಪಂಪು ಓಡುತ್ತಿರುವಾಗ ಉರಿಯುವ ಊದಿನಕಡ್ಡಿಯನ್ನು ಫ್ಲ್ಯಾಂಜು, ಬೆಂಡು, ಸಾಕೆಟ್ ಹತ್ತಿರ ಹಿಡಿದರೆ ಹೊಗೆ ಎಲ್ಲಿ ಒಳಗೆ ಎಳೆಯುತ್ತದೋ ಅಲ್ಲಿ ತೂತು. ಡೀಸೆಲ್ ಇಂಜಿನ್ನಿನ ಹತ್ತಿರ ಬೆಂಕಿ ಬೇಡ; ಅಲ್ಲಿ ಸೋಪಿನ ನೊರೆ ಬಳಿದು ನೋಡಬೇಕು. ಫ್ಲ್ಯಾಂಜಿಗೆ ಸೈಕಲ್ ಟ್ಯೂಬಿನ ವಾಷರು, ಮರೆಗೆ ಸೆಣಬಿನ ನಾರು ಸಫೇದ ಹಚ್ಚಿ ಬಿಗಿ ಮಾಡುವುದು ಎಲ್ಲರಿಗೂ ಗೊತ್ತಿದ್ದ ಕೆಲಸ.

ಮೂರು. ಗ್ಲಾಂಡು. ಪಂಪಿನ ಶಾಫ್ಟು ಹೊರಬರುವ ಕಡೆ ದಾರ ಸುತ್ತಿ ಬಿಗಿದಿರುತ್ತಾರಲ್ಲ, ಅದು ಸವೆದರೆ ಅಲ್ಲಿಂದಲೂ ಗಾಳಿ ಹೋಗುತ್ತದೆ. ಓಡುವಾಗ ಅದರ ಮೇಲೆ ಒಂದು ಚೊಂಬು ನೀರು ಹುಯ್ಯಿರಿ. ಪಂಪಿನ ಸದ್ದು ಬದಲಾಗಿ ನೀರು ಚೆನ್ನಾಗಿ ಬಂದರೆ ಗ್ಲಾಂಡೇ ಕಳ್ಳ. ಹಾಗಂತ ಪೂರಾ ಬಿಗಿದರೆ ಶಾಫ್ಟು ಸುಡುತ್ತದೆ. ತೊಟ್ಟು ತೊಟ್ಟಾಗಿ ನೀರು ಜಿನುಗುತ್ತಿರುವಂತೆ ಬಿಡಬೇಕು.

ನಾಲ್ಕು. ಪೈಪಿನ ಜೋಡಣೆ. ಎಳೆಪೈಪು ಬಾವಿಯಿಂದ ಪಂಪಿನ ತನಕ ಏರುತ್ತಲೇ ಬರಬೇಕು. ನಡುವೆ ಗೂನು ಇದ್ದರೆ ಅಲ್ಲಿ ಗಾಳಿ ಕೂರುತ್ತದೆ, ಎಷ್ಟು ತುಂಬಿದರೂ ಹೋಗುವುದಿಲ್ಲ. ಪಂಪಿನ ನೆತ್ತಿಯ ಸಣ್ಣ ಕಾಕು ಬಿಚ್ಚಿ, ಗುಳ್ಳೆ ನಿಂತು ಬರೀ ನೀರು ಬರುವ ತನಕ ತುಂಬಬೇಕು. ಲೈನ್ ರಿಪೇರಿ ಆದ ಮೇಲೆ ಇದ್ದಕ್ಕಿದ್ದ ಹಾಗೆ ನೀರು ಕಮ್ಮಿಯಾದರೆ ಮೋಟಾರು ಉಲ್ಟಾ ತಿರುಗುತ್ತಿರಬಹುದು. ಅದೂ ಪ್ರೈಮಿನ ತೊಂದರೆಯ ಹಾಗೇ ಕಾಣುತ್ತದೆ. ಎರಡು ಫೇಸ್ ಅದಲು ಬದಲು ಮಾಡಿದರೆ ಸರಿ.

ಐದು. ಎಲ್ಲಾ ಸರಿ ಇದೆ, ಅರ್ಧ ಗಂಟೆ ಚೆನ್ನಾಗಿ ಹರಿದು ಆಮೇಲೆ ಬಿಡುತ್ತದೆ. ಪಂಪಿನೊಳಗೆ ಗರಸು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಇದು ಪಂಪಿನ ತಪ್ಪಲ್ಲ. ನೀರು 20–22 ಅಡಿಯ ಗಡಿ ದಾಟಿ ಇಳಿದಿದೆ, ಇಲ್ಲವೇ ಫುಟ್‌ವಾಲ್ವಿನ ಮೇಲೆ ಎರಡು ಮೂರು ಅಡಿ ನೀರು ಉಳಿಯದೆ ಸುಳಿ ಬಿದ್ದು ಗಾಳಿ ಹೋಗುತ್ತಿದೆ. ಕಲ್ಲು ಕಟ್ಟಿದ ಹಗ್ಗ ಬಿಟ್ಟು ಅಳೆಯಬೇಕು.

ಹಳೇ ಕಾಲದಲ್ಲಿ ಒಂದು ಪದ್ಧತಿ ಇತ್ತು. ಸಾಯಂಕಾಲ ಮೋಟಾರು ನಿಲ್ಲಿಸುವಾಗ ತೊಟ್ಟಿಯ ನೀರು ಪೂರಾ ಬಿಡುತ್ತಿರಲಿಲ್ಲ. ನಾಳೆ ಪಂಪಿಗೆ ಹುಯ್ಯಲು ನಾಲ್ಕು ಕೊಡ ಉಳಿಸಿಯೇ ಮನೆಗೆ ಹೋಗುತ್ತಿದ್ದರು. ಪಕ್ಕದ ಹೊಲದವರು ಬಂದು ಒಯ್ದರೂ ಬೇಡ ಅನ್ನುತ್ತಿರಲಿಲ್ಲ.

ನೀರಿನ ಹಿಂದೆ ಪಂಪು ಇಳಿಯಿತು

ಈಗ ಇತಿಹಾಸಕ್ಕೆ ಬರೋಣ. ಮೇಲೆ ಹೇಳಿದ ಐದರಲ್ಲಿ ಮೊದಲ ನಾಲ್ಕು ಯಾವ ಕಾಲದಲ್ಲೂ ಇದ್ದವು. ಐದನೆಯದು ನಮ್ಮ ಸೀಮೆಯಲ್ಲಿ ವರ್ಷ ವರ್ಷಕ್ಕೂ ಹೆಚ್ಚಾಯಿತು.

ಯಾಕೆ ಅನ್ನೋದಕ್ಕೆ ಒಂದು ಲೆಕ್ಕ. 20 ಅಡಿ ಅಗಲದ ದುಂಡು ಬಾವಿಯಲ್ಲಿ ಒಂದಡಿ ನೀರೆಂದರೆ ಸುಮಾರು 8,900 ಲೀಟರ್. 5 ಎಚ್‌ಪಿ ಪಂಪು ಗಂಟೆಗೆ 30,000 ಲೀಟರ್ ಎತ್ತಿದರೆ, ಊಟೆ ಬರದಿದ್ದಲ್ಲಿ ಗಂಟೆಗೆ ಮೂರಡಿಗೂ ಮೇಲೆ ನೀರು ಇಳಿಯುತ್ತದೆ. ಎತ್ತಿಗೆ ದಣಿವು ಇತ್ತು, ಮೋಟಾರಿಗೆ ದಣಿವಿಲ್ಲ. ಮೊದಮೊದಲು ಬಾವಿ ದಡದ ಮೇಲೇ ಪಂಪು ಇತ್ತು. ನೀರು ಇಳಿದಂತೆ ಬಾವಿಯ ಗೋಡೇಲಿ ಗೂಡು ಕಡಿದು, ತೊಲೆ ಹಾಕಿ, ಪಂಪನ್ನು ಹದಿನೈದಡಿ ಕೆಳಕ್ಕೆ ಇಳಿಸಿದರು. ಕೆಲವು ವರ್ಷ ಚೆನ್ನಾಗಿ ನಡೆಯಿತು. ಮತ್ತೆ ಗಾಳಿ ಹಿಡಿಯಿತು. ಬಾವಿಗೆ ಮದ್ದು ಹಾಕಿಸಿ ಬಂಡೆ ಒಡೆಸಿ ಆಳ ಮಾಡಿಸಿದರು, ಪಂಪು ಇನ್ನೊಂದು ತೊಲೆ ಕೆಳಗೆ ಹೋಯಿತು.

ಕೆಳಗೆ ಇಳಿದಷ್ಟೂ ಅಪಾಯ ಹೆಚ್ಚು. ಒಂದೇ ರಾತ್ರಿ ಜೋರು ಮಳೆ ಬಂದರೆ ಮೋಟಾರು ಮುಳುಗುತ್ತಿತ್ತು. ಮಳೆ ಬಂತು ಅಂತ ಸಂತೋಷ ಪಡುವ ಬದಲು ಲಾಟೀನು ಹಿಡಿದು ಮೋಟಾರು ಎತ್ತಲು ಓಡಬೇಕಿತ್ತು. ಮುಳುಗಿದರೆ ರೀವೈಂಡಿಂಗ್ ಖರ್ಚು. ಬಾವಿಯೊಳಗೆ ಡೀಸೆಲ್ ಇಂಜಿನ್ ಇಟ್ಟವರಿಗೆ ಇನ್ನೂ ದೊಡ್ಡ ಗಂಡಾಂತರ. ಇಂಜಿನ್ ಹೊಗೆಯ ವಿಷ ಅನಿಲ ಆಳದಲ್ಲಿ ನಿಲ್ಲುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ದೀಪ ಇಳಿಬಿಟ್ಟು, ಆರದಿದ್ದರೆ ಇಳಿಯಬಹುದು ಅನ್ನುವ ಹಳೇ ಪರೀಕ್ಷೆ ಈ ಅನಿಲಕ್ಕೆ ನಡೆಯುವುದಿಲ್ಲ. ಅದು ತುಂಬಿದ್ದರೂ ದೀಪ ಉರಿಯುತ್ತಲೇ ಇರಬಹುದು. ಈಗ ಹಳೇ ಬಾವಿ ಹೂಳೆತ್ತಿಸುವವರು ಇದನ್ನು ಖಂಡಿತ ನೆನಪಿಡಬೇಕು. ನೀರು ಬಾಚಲು ಪೆಟ್ರೋಲ್ ಇಲ್ಲವೇ ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಲೇಬಾರದು. ಒಬ್ಬ ಬಿದ್ದನೆಂದು ಇನ್ನೊಬ್ಬ ಹಿಂದೆಯೇ ಇಳಿಯಬಾರದು.

ನಾವು ಹೈಸ್ಕೂಲಿಗೆ ಹೋಗುತ್ತಿದ್ದ 1990ರ ದಶಕಕ್ಕೆ ನಮ್ಮ ಕಡೆಯ ಬಾವಿಗಳ ಕಥೆ ಕಡೇ ಅಧ್ಯಾಯಕ್ಕೆ ಬಂದಿತ್ತು. ಬೆಳಿಗ್ಗೆ ಎರಡು ಕೊಡ ಹುಯ್ದು ಚಾಲೂ ಮಾಡಿದರೆ ಶಾಲೆ ಗಂಟೆ ಹೊಡೆಯೋ ಹೊತ್ತಿಗೆ ಬಾವಿ ಖಾಲಿ. ಮತ್ತೆ ಸಾಯಂಕಾಲ ಅರ್ಧ ಗಂಟೆ. ಫಿಟ್ಟರನ್ನು ಕರೆಸಿದರೆ ಅವನು ಹಗ್ಗ ಬಿಟ್ಟು ನೋಡಿ, ಪಂಪಿಗೆ ಏನೂ ಆಗಿಲ್ಲ, ನಿಮ್ಮ ಬಾವಿಗೇ ಆಗಿರೋದು ಅಂತ ಹೇಳಿ ಹೋಗುತ್ತಿದ್ದ.

ಬೋರ್‌ವೆಲ್ ಕಾಲ

ಅಷ್ಟರಲ್ಲಿ ತಮಿಳುನಾಡಿನ ತಿರುಚೆಂಗೋಡು ಕಡೆಯ ಬೋರ್ ಲಾರಿಗಳು ನಮ್ಮ ಹಳ್ಳಿಗಳಿಗೆ ಬಂದು ನಿಂತಿದ್ದವು. ಮೊದಲು ಬಾವಿ ತಳದಲ್ಲೇ ಬೋರ್ ಹಾಕಿಸಿ ನೋಡಿದರು. ಆಮೇಲೆ ಹೊಲದಲ್ಲಿ ಹಾಕಿಸಿ ಜೆಟ್ ಪಂಪು, ಕಂಪ್ರೆಸರ್ ಕೂರಿಸಿದರು. ಕಡೆಗೆ ಸಬ್‌ಮರ್ಸಿಬಲ್ ಬಂತು. ಇದರ ಮೋಟಾರೂ ಪಂಪೂ ನೀರೊಳಗೇ ಇರುತ್ತವೆ. ಎಳೆಯುವ ಮಾತೇ ಇಲ್ಲ, ತಳ್ಳುವುದು ಮಾತ್ರ. ಪ್ರೈಮ್ ಬೇಕಿಲ್ಲ, ಗಾಳಿ ಹಿಡಿಯುವ ತಾಪತ್ರಯ ಇಲ್ಲ. ನಡುರಾತ್ರಿ ಕರೆಂಟು ಬಂದರೂ ಮನೇಲಿ ಮಲಗಿದ್ದವರಿಗೆ ನೀರು. ರೈತನಿಗೆ ಇದು ದೊಡ್ಡ ಉಪಕಾರವೇ. ಇದರಿಂದ ಮೇವು ಬೆಳೆದು, ಸೀಮೆ ಹಸು ಕಟ್ಟಿ, ಮಕ್ಕಳನ್ನು ಓದಿಸಿದವರು ನಮ್ಮ ಸಂಘದ ಸದಸ್ಯರಲ್ಲೇ ಬಹಳ ಜನ. ನಮ್ಮ ಸಂಘ ಹುಟ್ಟಿ ಬೆಳೆದದ್ದೂ ಈ ಬೋರ್‌ವೆಲ್ ನೀರಿನ ಮೇಲೇ.

ಆದರೆ ಒಂದು ವಿಚಾರ ಆಗ ಯಾರ ಗಮನಕ್ಕೂ ಬರಲಿಲ್ಲ. ಎಳೆಯುವ ಪಂಪಿಗೆ 20–22 ಅಡಿಯ ಗಡಿ ಇತ್ತು. ನೀರು ಇಳಿದ ದಿನವೇ ಅದು ನಿಂತುಹೋಗುತ್ತಿತ್ತು. ಬಾವಿ ಬಗ್ಗಿ ನೋಡಿದರೆ ನೀರೆಷ್ಟಿದೆ ಅಂತ ಹೆಂಗಸರು ಮಕ್ಕಳಿಗೂ ಕಾಣುತ್ತಿತ್ತು. ಸಬ್‌ಮರ್ಸಿಬಲ್ಲಿಗೆ ಆ ಗಡಿ ಇಲ್ಲ. ಆರು ಅಂಗುಲದ ಕೊಳವೆಯಲ್ಲಿ ನೀರು ಇನ್ನೂರು ಅಡಿ ಇಳಿದರೂ ಮೇಲೆ ನಳದಲ್ಲಿ ಮೊದಲಿನ ಹಾಗೇ ಬರುತ್ತಿರುತ್ತದೆ. ಗೊತ್ತಾಗುವುದು ಪೂರಾ ಬತ್ತಿದ ದಿನ. ಆ ದಿನ ಇನ್ನೊಂದು ಬೋರ್, ಇನ್ನಷ್ಟು ಆಳ. ನೂರು ಇನ್ನೂರು ಅಡಿಯ ಮಾತು ಹೋಗಿ ಈಗ ನಮ್ಮ ಭಾಗದಲ್ಲಿ ಸಾವಿರ ಅಡಿ ದಾಟಿದೆ. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾಯಿತು. ಅದು ಬೇಡ ಅಂತ ನಾವ್ಯಾರೂ ಹೇಳುವವರಲ್ಲ, ಅದಿಲ್ಲದಿದ್ದರೆ ಸಾವಿರ ಅಡಿಯಿಂದ ನೀರೆತ್ತಿ ಮೇವು ಬೆಳೆಯುವ ರೈತ ಉಳಿಯುತ್ತಿರಲಿಲ್ಲ. ಆದರೆ ಬಿಲ್ಲಿನಿಂದಲೂ ನೀರಿನ ಆಳ ತಿಳಿಯುವ ದಾರಿ ಇಲ್ಲದಂತಾಯಿತು ಅನ್ನೋದೂ ನಿಜ.

ಕೇಂದ್ರ ಅಂತರ್ಜಲ ಮಂಡಳಿಯ ಇತ್ತೀಚಿನ ವರ್ಷಗಳ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ನಾಲ್ಕೂ ತಾಲ್ಲೂಕು ಅತಿ ಬಳಕೆಯ ಪಟ್ಟಿಯಲ್ಲಿವೆ. ಅಂದರೆ ವರ್ಷಕ್ಕೆ ಮಳೆಯಿಂದ ನೆಲಕ್ಕೆ ಇಳಿಯುವುದಕ್ಕಿಂತ ಹೆಚ್ಚು ನಾವು ಎತ್ತುತ್ತಿದ್ದೇವೆ. ಅಂತರ್ಜಲದ ಕಾಯಿದೆ ಕರ್ನಾಟಕದಲ್ಲಿ 2011ರಲ್ಲಿ ಬಂತು. ಕಾಯಿದೆ ಬರುವ ಹೊತ್ತಿಗೆ ತೆರೆದ ಬಾವಿಗಳು ಆಗಲೇ ಒಣಗಿದ್ದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಭೂಮಿಯ ಬೆಲೆ ಏರಿತು. ಒಣಗಿದ ಬಾವಿಗಳು ಕಟ್ಟಡದ ಕಲ್ಲು ಮಣ್ಣು ಸುರಿಯುವ ಗುಂಡಿಗಳಾದವು. ನಿವೇಶನದ ನಕ್ಷೆಯಲ್ಲಿ ಬಾವಿಗೆ ಜಾಗ ಇರುವುದಿಲ್ಲವಲ್ಲ.

ಬಾವಿ ಮತ್ತೆ ತುಂಬಬಹುದೇ

ತುಂಬಬಹುದು ಅನ್ನೋದಕ್ಕೆ ಸಾಕ್ಷಿ ನಮ್ಮ ಕಣ್ಣ ಮುಂದೇ ಇದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗಳಿಗೆ ತುಂಬಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು 2018ರಲ್ಲಿ ಕೋಲಾರ ಜಿಲ್ಲೆಗೆ ಹರಿಯಿತು. ಅದರ ನಂತರದ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದ ನಮ್ಮ ಜಿಲ್ಲೆಯ ಕೆಲವು ಕೆರೆಗಳಿಗೂ ನೀರು ಬಂತು. ದೇವನಹಳ್ಳಿ ಪಟ್ಟಣದ ಸಿಹಿನೀರು ಕೆರೆಯ ಪಕ್ಕದ ಹಳೇ ತೆರೆದ ಬಾವಿಯನ್ನು ಹೂಳೆತ್ತಿಸಿ, ಅದರ ನೀರನ್ನು ಶುದ್ಧಮಾಡಿ ಪಟ್ಟಣಕ್ಕೆ ಬಳಸುವ ಕೆಲಸ ನಡೆದಿದೆ. ಹಿರಿಯರು ಕೆರೆ ಪಕ್ಕದಲ್ಲೇ ಬಾವಿ ಯಾಕೆ ತೋಡಿದರು ಅನ್ನೋದು ಅಲ್ಲಿ ಹೋಗಿ ನೋಡಿದರೆ ತಿಳಿಯುತ್ತದೆ. ಸಂಸ್ಕರಿಸಿದ ನೀರಿನ ಗುಣದ ಬಗ್ಗೆ ರೈತರಿಗೆ ಅನುಮಾನಗಳಿವೆ. ಪರೀಕ್ಷೆ ಮಾಡಿಸಿಯೇ ಬಳಸಬೇಕು ಅನ್ನುವುದು ನಮ್ಮ ಅಭಿಪ್ರಾಯವೂ ಹೌದು.

ಕಣಿವೆ ಯೋಜನೆಯ ನೀರು ಬಾರದ ಊರಿಗೆ ಮಳೆಯೇ ಗತಿ. 2022ರ ಮಳೆಗೆ ಬಾವಿಯಲ್ಲಿ ನೀರು ಕಂಡಿತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಹಾಗಾಗಿ ಬಂದ ವರ್ಷ ಹಿಡಿದಿಡುವುದೇ ಉಪಾಯ. ಒಂದು ಎಕರೆ ಮೇಲೆ ಒಂದಂಗುಲ ಮಳೆ ಬಿದ್ದರೆ ಲಕ್ಷ ಲೀಟರಿಗೂ ಮೇಲೆ ನೀರು. ಅದರಲ್ಲಿ ಹರಿದುಹೋಗುವ ಪಾಲಿನ ಸ್ವಲ್ಪವನ್ನಾದರೂ ಹಳೇ ಬಾವಿಗೆ ತಿರುಗಿಸಬಹುದು. ನೇರವಾಗಿ ಬಿಡಬಾರದು. ಬಾವಿಗೆ ಮುಂಚೆ ಒಂದು ಗುಂಡಿ ತೆಗೆದು ಕೆಳಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮೇಲೆ ಮರಳು ಹಾಕಿ ಸೋಸಿ ಬಿಡಬೇಕು. ಕೊಟ್ಟಿಗೆ ತೊಳೆದ ನೀರು, ಗೊಬ್ಬರ ಔಷಧಿ ಹೊಡೆದ ಹೊಲದ ನೀರು ಖಂಡಿತ ಬಿಡಬಾರದು. ಬಾವಿಗೆ ಕಟ್ಟೆ ಕಟ್ಟಿ ಜಾಲರಿ ಹಾಕಿಸಬೇಕು, ಮಕ್ಕಳು ದನಕರು ಓಡಾಡುವ ಜಾಗ.

ಆದ್ದರಿಂದ ಈ ಬೆಳ್ಳಿಹಬ್ಬದ ಸಂದರ್ಭದಲ್ಲಿ ಸದಸ್ಯರ ಮುಂದೆ ಎರಡು ಬಿನ್ನಹ. ನಮ್ಮ ಸಂಘದ ವ್ಯಾಪ್ತಿಯಲ್ಲಿ ಇನ್ನೂ ಮುಚ್ಚದೆ ಉಳಿದಿರುವ ತೆರೆದ ಬಾವಿಗಳನ್ನು ಎಣಿಸಿ, ಯಾವುದರಲ್ಲಿ ಎಷ್ಟು ಅಡಿಗೆ ನೀರಿದೆ ಅಂತ ಪ್ರತಿ ಮಳೆಗಾಲದ ಮೊದಲೂ ಆಮೇಲೂ ಹಗ್ಗ ಬಿಟ್ಟು ಅಳೆದು ಸಂಘದ ನೋಟಿಸ್ ಬೋರ್ಡಿನಲ್ಲಿ ಬರೆಯೋಣ. ಫ್ಯಾಟ್ ಎಷ್ಟು ಬಂತು ಅಂತ ದಿನಾ ನೋಡುವ ಬೋರ್ಡಿನ ಪಕ್ಕದಲ್ಲೇ ಇದೂ ಇರಲಿ. ಬೋರ್‌ವೆಲ್ ಒಳಗೆ ಕಾಣದ ಲೆಕ್ಕ ಆಗ ಸ್ವಲ್ಪವಾದರೂ ಎಲ್ಲರಿಗೂ ಕಾಣುತ್ತದೆ. ಎರಡನೆಯದು, ಬಾವಿಗೆ ಮಳೆ ನೀರು ತಿರುಗಿಸುವ ಸದಸ್ಯರಿಗೆ ಸಂಘದ ಲಾಭಾಂಶದ ಧರ್ಮನಿಧಿಯಿಂದ ಏನಾದರೂ ನೆರವು ಕೊಡಬಹುದೇ ಎಂದು ವಾರ್ಷಿಕ ಮಹಾಸಭೆಯಲ್ಲಿ ಚರ್ಚಿಸಿ ತೀರ್ಮಾನಿಸೋಣ. ನಮ್ಮ ನಾಡಿನಲ್ಲಿ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅದು ಸಾಲದ ಕಷ್ಟದಿಂದ ರೈತನನ್ನು ಬಿಡಿಸಲು. ಈಗಿನ ಕಷ್ಟ ನೀರಿನದು. ಒಬ್ಬನ ಬೋರ್ ಆಳವಾದರೆ ಪಕ್ಕದವನದು ಬತ್ತುತ್ತದೆ. ಇದನ್ನು ಒಬ್ಬೊಬ್ಬರೇ ಬಗೆಹರಿಸಿಕೊಳ್ಳಲು ಆಗುವುದಿಲ್ಲ.

ಸದ್ಯಕ್ಕೆ, ಬಾವಿ ಇರುವವರು ದಯವಿಟ್ಟು ಮುಚ್ಚಬೇಡಿ. ಹಳೇ ಪಂಪು ಇದ್ದರೆ ಗುಜರಿಗೆ ಹಾಕಬೇಡಿ. ಫುಟ್‌ವಾಲ್ವಿನ ವಾಷರು ಬದಲಾಯಿಸಿ, ಗ್ಲಾಂಡಿಗೆ ದಾರ ಸುತ್ತಿ, ಎಣ್ಣೆ ಹಚ್ಚಿ ಇಟ್ಟುಕೊಳ್ಳಿ. ಒಳ್ಳೇ ಮಳೆ ಬಂದ ವರ್ಷ ಒಂದು ಮಡಿ ಮೇವಿಗಾದರೂ ನೀರು ಸಿಗುತ್ತದೆ, ಅಷ್ಟು ಹೊತ್ತು ಬೋರ್‌ವೆಲ್ಲಿಗೆ ಬಿಡುವು. ಪಂಪು ಮತ್ತೆ ಗಾಳಿ ಹಿಡಿದರೆ ಮೊದಲು ಹಗ್ಗ ಬಿಟ್ಟು ನೀರು ಅಳೆಯಿರಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

 ಸಂಘವು ಸುವರ್ಣ ಮಹೋತ್ಸವ ಆಚರಿಸುವ ಹೊತ್ತಿಗೆ ನಮ್ಮ ಮಕ್ಕಳಿಗೂ ಬಗ್ಗಿ ನೋಡಿದರೆ ನೀರು ಕಾಣುವ ಬಾವಿ ಒಂದಾದರೂ ಊರಲ್ಲಿ ಉಳಿದಿರಲಿ ಎಂದು ಹಾರೈಸುತ್ತೇವೆ.

– ಸಂಘದ ನಿರ್ದೇಶಕರೊಬ್ಬರು